ಸಲಹೆ ಕೊಡುವವರು ಬೇರೆ, ಮಾರಿಸುವವರು ಬೇರೆ: ನನ್ನ ಅನುಭವ

ಕಂಪನಿಯನ್ನು ಮಾರುವುದೋ, ಒಂದು ವಿಭಾಗವನ್ನಷ್ಟೇ ಬಿಟ್ಟುಕೊಡುವುದೋ, ಹೂಡಿಕೆ ತರುವುದೋ, ಇದ್ದಂತೆ ನಡೆಸುವುದೋ ಎಂದು ಪರಿಶೀಲಿಸಲು ಒಬ್ಬ ಸಲಹೆಗಾರರನ್ನೂ ಆ ನಿರ್ಧಾರವನ್ನು ಜಾರಿಗೊಳಿಸಲು ಬೇರೊಬ್ಬರನ್ನೂ ನೇಮಿಸೋಣ ಎಂದಾಗ ನಮ್ಮ ನಿರ್ದೇಶಕ ಮಂಡಳಿಯಲ್ಲಿ ಯಾರೂ ಒಪ್ಪಲಿಲ್ಲ. ಒಂದೇ ಕೆಲಸಕ್ಕೆ ಎರಡು ಬಾರಿ ದುಡ್ಡು ಕೊಟ್ಟಂತೆ ಎಂಬುದು ಅವರ ವಾದವಾಗಿತ್ತು. ವ್ಯವಹಾರ ಮುಗಿದು ಹಣ ಖಾತೆಗೆ ಬಂದಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಪೀಣ್ಯದ ಕಾರ್ಖಾನೆಗಳಿಗೆ ಯಂತ್ರಗಳ ಮೇಲೆ ನಿಗಾ ಇಡುವ ತಂತ್ರಾಂಶ ಮಾಡಿಕೊಡುವ ಕಂಪನಿ. ವಹಿವಾಟು ಸುಮಾರು 40 ಕೋಟಿ, ಅದರ ಮೂರನೇ ಒಂದು ಭಾಗ ಸೆನ್ಸರ್ ಅಳವಡಿಕೆಯಿಂದ ಬರುತ್ತಿತ್ತು. ಮೊದಲ ಸುತ್ತಿನಲ್ಲಿ ಎಲ್ಲರಂತೆ ಒಂದೇ ಸಂಸ್ಥೆಯನ್ನು ಹಿಡಿದೆವು: ತಿಂಗಳಿಗೆ ಮೂರು ಲಕ್ಷದಷ್ಟು ರೀಟೇನರ್ (ಫಲ ಏನೇ ಇರಲಿ ಕೊಡುವ ನಿಗದಿತ ಶುಲ್ಕ), ಮಾರಾಟವಾದರೆ ಮೊತ್ತದ ಶೇ 3 ಸಕ್ಸೆಸ್ ಫೀ, ಹದಿನೆಂಟು ತಿಂಗಳ ಟೇಲ್, ಅಂದರೆ ಒಪ್ಪಂದ ಮುಗಿದ ಮೇಲೂ ಅಷ್ಟು ಕಾಲದೊಳಗೆ ವ್ಯವಹಾರ ಕುದುರಿದರೆ ಫೀ ಕೇಳುವ ಹಕ್ಕು. ಮಾರದಿದ್ದರೆ ಅವರಿಗೆ ದಕ್ಕುವುದು ರೀಟೇನರ್ ಮಾತ್ರ, ಹಾಗಾಗಿ ಅವರ ಪ್ರತಿ ವರದಿಯೂ ಮಾರಾಟದಲ್ಲೇ ಮುಗಿಯುತ್ತಿತ್ತು. ಇಡೀ ಕಂಪನಿಗೆ 58 ಕೋಟಿಯ ಆಸುಪಾಸು ಹೇಳಿದ್ದ ಖರೀದಿದಾರರು ಡ್ಯೂ ಡಿಲಿಜೆನ್ಸ್ (ಖರೀದಿಗೆ ಮುನ್ನ ನಡೆಸುವ ಲೆಕ್ಕಪತ್ರ, ದಾಖಲೆಗಳ ತಪಾಸಣೆ) ಮುಗಿಯುವ ಹೊತ್ತಿಗೆ ಹಿಂದೆ ಸರಿದರು. ವಕೀಲರು, ಲೆಕ್ಕಪರಿಶೋಧಕರು ಸೇರಿ 60 ಲಕ್ಷದಷ್ಟು ಖರ್ಚು, ಮೇಲೆ ಶೇ 18 ಜಿಎಸ್‌ಟಿ. ಅದಕ್ಕಿಂತ ನೋವಾದದ್ದು, ಆಮೇಲೆ ನಾವೇ ಹುಡುಕಿಕೊಂಡ ಹೂಡಿಕೆದಾರರ ಮೇಲೂ ಟೇಲ್ ತೋರಿಸಿ ಆ ಸಂಸ್ಥೆ ಫೀ ಕೇಳಿದ್ದು.

ಮಾರದಿರುವುದೂ ಒಂದು ಆಯ್ಕೆಯೇ. 2013ರ ಆಗಸ್ಟ್‌ನಲ್ಲಿ ಬ್ಲ್ಯಾಕ್‌ಬೆರಿ ಎಂಬ ಮೊಬೈಲ್ ಫೋನ್ ಕಂಪನಿ ಆಯ್ಕೆಗಳ ಪರಿಶೀಲನೆಗೆ ಸಮಿತಿ ಮಾಡಿತು, ನವೆಂಬರ್‌ನಲ್ಲಿ ಮಾರಾಟ ಕೈಬಿಟ್ಟು 100 ಕೋಟಿ ಡಾಲರ್ ಮೊತ್ತದ ಪರಿವರ್ತನೀಯ (ಮುಂದೆ ಷೇರುಗಳಾಗಿ ಬದಲಿಸಿಕೊಳ್ಳಬಹುದಾದ) ಸಾಲಪತ್ರಗಳ ದಾರಿ ಹಿಡಿದು ಮುಖ್ಯಸ್ಥರನ್ನೂ ಬದಲಿಸಿತು. ಮಂಡಳಿಯ ಮುಂದೆ ನಾನು ಇಟ್ಟದ್ದು ಈ ಉದಾಹರಣೆಯನ್ನೇ.

ಎರಡನೇ ಸುತ್ತಿನಲ್ಲಿ ಪರಿಶೀಲಿಸುವವರಿಗೆ, ತೀರ್ಮಾನ ಏನೇ ಆಗಲಿ, 35 ಲಕ್ಷ ನಿಗದಿಪಡಿಸಿ ಮೂರು ಕಂತು ಮಾಡಿದೆವು. ಜಾರಿಯ ಕೆಲಸವನ್ನು ಅವರು ತೆಗೆದುಕೊಳ್ಳುವಂತಿಲ್ಲ ಎಂದು ಒಪ್ಪಂದದಲ್ಲೇ ಬರೆಸಿದೆವು. ಅವರು ವರದಿ ಒಪ್ಪಿಸುತ್ತಿದ್ದುದು ನನಗಲ್ಲ, ಇಬ್ಬರು ಸ್ವತಂತ್ರ ನಿರ್ದೇಶಕರಿಗೆ. ಜಾರಿಗೊಳಿಸುವವರಿಗೆ ಸಕ್ಸೆಸ್ ಫೀ ಮಾತ್ರ, ಟೇಲ್ ಆರು ತಿಂಗಳು, ಅದೂ ಅವರು ಲಿಖಿತವಾಗಿ ಪರಿಚಯಿಸಿದ ಹೆಸರುಗಳಿಗಷ್ಟೇ. ಫೀ ಲೆಕ್ಕದಿಂದ ಹೊರಗಿಡಬೇಕಾದ ಹೆಸರುಗಳ ಪಟ್ಟಿಯನ್ನು ಸಹಿಗೆ ಮುನ್ನ ಹೇಗೆ ಕಟ್ಟಿದೆವು ಎಂಬುದನ್ನು ಮಾತ್ರ ನಾನು ಇಲ್ಲಿ ಬಿಚ್ಚಿಡುವುದಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆವು. ಹೊಸೂರು ಭಾಗದಲ್ಲಿ ಒಂದು ತ್ರೈಮಾಸಿಕ ಹೊಸ ಸೆನ್ಸರ್ ಕೆಲಸವನ್ನು ಒಪ್ಪಿಕೊಳ್ಳಲಿಲ್ಲ. ಸೆನ್ಸರ್ ನಾವೇ ಕೊಡದಿದ್ದರೆ ತಂತ್ರಾಂಶದ ಗ್ರಾಹಕರು ಬಿಟ್ಟುಹೋಗುತ್ತಾರೆ ಎಂದು ಹತ್ತು ವರ್ಷದಿಂದ ಎಲ್ಲರೂ ನಂಬಿದ್ದರು, ಆದರೆ ಹೆಚ್ಚುಕಡಿಮೆ ಯಾರೂ ಹೋಗಲಿಲ್ಲ. ಸಲಹೆಗಾರರ ನೂರು ಪುಟದ ವರದಿಗಿಂತ ಮಂಡಳಿಯನ್ನು ಒಪ್ಪಿಸಿದ್ದು ಈ ಒಂದು ಅಂಕಿ.

ಕೊನೆಗೆ ಸೆನ್ಸರ್ ವಿಭಾಗವನ್ನು ಸ್ಲಂಪ್ ಸೇಲ್ (ಆಸ್ತಿ, ಸಾಲಗಳಿಗೆ ಬಿಡಿಬಿಡಿಯಾಗಿ ಬೆಲೆ ಕಟ್ಟದೆ ಇಡೀ ವಿಭಾಗವನ್ನು ಒಂದೇ ಮೊತ್ತಕ್ಕೆ ಮಾರುವುದು) ಮೂಲಕ ಸುಮಾರು 18 ಕೋಟಿಗೆ ಕೊಟ್ಟು, ತಂತ್ರಾಂಶವನ್ನು ಉಳಿಸಿಕೊಂಡೆವು. ಇಬ್ಬರಿಗೂ ಸೇರಿ ಕೊಟ್ಟ ಫೀ ಒಂದು ಕೋಟಿಯ ಒಳಗೇ ಮುಗಿಯಿತು. ಹಳೆಯ ಒಪ್ಪಂದದಂತೆ ಇಡೀ ಕಂಪನಿ ಹೋಗಿದ್ದರೆ ಸಕ್ಸೆಸ್ ಫೀಯೊಂದೇ ಒಂದೂಮುಕ್ಕಾಲು ಕೋಟಿಯಾಗುತ್ತಿತ್ತು, ಕಂಪನಿಯೂ ಕೈಯಲ್ಲಿರುತ್ತಿರಲಿಲ್ಲ. ಮುಂದಿನ ಬಾರಿ ಸಲಹೆಗಾರರ ಪ್ರಯಾಣ ಖರ್ಚಿಗೂ ಮಿತಿ ಬರೆಸುತ್ತೇನೆ.