ಹೃದಯ ಶಸ್ತ್ರಚಿಕಿತ್ಸೆಯ ನಂತರ ಹೃದಯ ನಿಂತರೆ: ವೃತ್ತಿಸಂಘದ ಮಾರ್ಗಸೂಚಿಯನ್ನು ಐಸಿಯುನಲ್ಲಿ ರೂಢಿಗೆ ತರುವ ಬಗೆ

ಅಮೆರಿಕದ ಸೊಸೈಟಿ ಆಫ್ ಥೊರಾಸಿಕ್ ಸರ್ಜನ್ಸ್ ಎಂಬ ವೃತ್ತಿಸಂಘವು 1989ರಿಂದ ಹೃದಯ ಮತ್ತು ಎದೆಯ ಶಸ್ತ್ರಚಿಕಿತ್ಸೆಗಳ ದತ್ತಾಂಶವನ್ನು ಕಲೆಹಾಕುತ್ತ ಬಂದಿದೆ. ರೋಗಿಯ ಅಪಾಯವನ್ನು ಮುಂಚಿತವಾಗಿ ಅಂದಾಜು ಮಾಡುವ ಲೆಕ್ಕಾಚಾರದ ಸಾಧನವನ್ನೂ ಅದು ಒದಗಿಸಿದೆ. ಇವು ಬಹುಮಟ್ಟಿಗೆ ಸರ್ಜನ್ನರಿಗೆ ನೆರವಾಗುವ ಸೌಲಭ್ಯಗಳು. ರಾತ್ರಿ ಪಾಳಿಯ ನರ್ಸ್‌, ಡ್ಯೂಟಿ ಡಾಕ್ಟರ್‌ ಹಾಗೂ ಅರಿವಳಿಕೆ ತಜ್ಞರಿಗೆ ಹೆಚ್ಚು ಒದಗುವುದು ಅದು 2017ರಲ್ಲಿ ಪ್ರಕಟಿಸಿದ ಪುನಶ್ಚೇತನದ, ಅಂದರೆ ನಿಂತ ಹೃದಯವನ್ನು ಮರಳಿ ಚಾಲನೆಗೆ ತರುವ, ಮಾರ್ಗಸೂಚಿ. ಹೃದಯ ಮತ್ತು ಎದೆ ಶಸ್ತ್ರಚಿಕಿತ್ಸಕರ ಯುರೋಪಿಯನ್ ಸಂಘವು 2009ರಲ್ಲಿಯೇ ಇಂಥದೊಂದನ್ನು ಹೊರತಂದಿತ್ತು. 2017ರ ಮಾರ್ಗಸೂಚಿಯನ್ನು ನಿಮ್ಮ ಘಟಕದಲ್ಲಿ ಜಾರಿಗೆ ತರುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲು ತಂಡದ ಎಲ್ಲರಿಗೂ ಕಾರಣ ಮನದಟ್ಟಾಗಬೇಕು. ಸಾಮಾನ್ಯ ವಾರ್ಡಿನಲ್ಲಿ ಹೃದಯ ನಿಂತರೆ ಕೂಡಲೇ ಎದೆ ಒತ್ತಲು ಆರಂಭಿಸಿ, ಹೃದಯವನ್ನು ಪ್ರಚೋದಿಸುವ ಔಷಧವಾದ ಅಡ್ರಿನಲಿನ್ ಅನ್ನು ಒಂದು ಮಿಲಿಗ್ರಾಂ ಕೊಡುವುದು ನಮಗೆಲ್ಲ ಕೈಗೆ ಹತ್ತಿದ ಅಭ್ಯಾಸ. ಆದರೆ ಎದೆಮೂಳೆಯನ್ನು ಸೀಳಿ ತಂತಿಯಿಂದ ಬಿಗಿದ ರೋಗಿಯಲ್ಲಿ ಒತ್ತುವಿಕೆಯಿಂದಲೇ ಹೃದಯಕ್ಕೆ ಅಥವಾ ಹೊಸ ಹೊಲಿಗೆಗೆ ಗಾಯವಾಗಬಹುದು. ಪೂರ್ಣ ಪ್ರಮಾಣದ ಅಡ್ರಿನಲಿನ್ ಕೊಟ್ಟಾಗ, ಹೃದಯ ಮತ್ತೆ ಬಡಿಯತೊಡಗಿದ ಕ್ಷಣದಲ್ಲಿ ರಕ್ತದೊತ್ತಡ ವಿಪರೀತವಾಗಿ ಏರಿ ಆ ಹೊಲಿಗೆಗಳಿಂದ ರಕ್ತ ಸುರಿಯಬಹುದು. ಇನ್ನೊಂದೆಡೆ, ಈ ರೋಗಿಗಳಲ್ಲಿ ಹೃದಯ ನಿಲ್ಲಲು ಕಾರಣವಾಗುವ ಲಯದ ಏರುಪೇರು, ರಕ್ತಸ್ರಾವ, ಹೃದಯದ ಸುತ್ತ ರಕ್ತ ತುಂಬಿ ಅದನ್ನು ಅದುಮುವುದು, ಶ್ವಾಸಕೋಶದ ಸುತ್ತ ಗಾಳಿ ಸಿಕ್ಕಿಕೊಳ್ಳುವುದು ಇವೆಲ್ಲವೂ ಬೇಗ ಗುರುತಿಸಿದರೆ ಸರಿಪಡಿಸಬಹುದಾದವು.

ಆದ್ದರಿಂದ ಮೊದಲ ನಿಮಿಷದ ಕ್ರಮವೇ ಬೇರೆ. ಮಾನಿಟರ್‌ನಲ್ಲಿ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ (ಹೃದಯ ಲಯತಪ್ಪಿ ಬರಿದೇ ಅದುರುವ ಸ್ಥಿತಿ) ಕಂಡರೆ, ಒಂದು ನಿಮಿಷದೊಳಗೆ ಸಾಧ್ಯವಿದ್ದಲ್ಲಿ, ಎದೆ ಒತ್ತುವ ಮೊದಲೇ ಸಾಲಾಗಿ ಮೂರು ವಿದ್ಯುತ್ ಶಾಕ್ ಕೊಡಬೇಕು. ಮಾನಿಟರ್‌ನ ಗೆರೆ ನೇರವಾಗಿದ್ದು ಪೇಸಿಂಗ್ ತಂತಿಗಳಿದ್ದರೆ (ವಿದ್ಯುತ್ ಮಿಡಿತದಿಂದ ಹೃದಯವನ್ನು ಬಡಿಯಿಸಲು ಶಸ್ತ್ರಚಿಕಿತ್ಸೆಯಲ್ಲಿ ಇರಿಸಿದ ತಂತಿಗಳು), ಅದೇ ಅವಧಿಯಲ್ಲಿ ಗರಿಷ್ಠ ಔಟ್‌ಪುಟ್‌ನಲ್ಲಿ ಪೇಸಿಂಗ್ ಪ್ರಯತ್ನಿಸಬೇಕು. ಲಯವಿದ್ದೂ ನಾಡಿಯಿಲ್ಲದಿದ್ದರೆ ಒಡನೆಯೇ ಎದೆ ಒತ್ತಬೇಕು. ಪೇಸರ್ ಚಾಲನೆಯಲ್ಲಿದ್ದರೆ ಅದನ್ನು ಕ್ಷಣಕಾಲ ನಿಲ್ಲಿಸಿ, ಕೆಳಗೆ ಫಿಬ್ರಿಲೇಶನ್ ಅಡಗಿದೆಯೇ ಎಂದು ನೋಡಬೇಕು. ವೆಂಟಿಲೇಟರ್‌ನ ಆಮ್ಲಜನಕವನ್ನು ಶೇ. 100ಕ್ಕೆ ಏರಿಸಿ, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಅನ್ನು ಸೊನ್ನೆಗೆ ಇಳಿಸಿ, ಎರಡೂ ಬದಿ ಗಾಳಿ ಹೋಗುತ್ತಿದೆಯೇ ಎಂದು ಆಲಿಸಬೇಕು. ಇದಾವುದಕ್ಕೂ ಹೃದಯ ಸ್ಪಂದಿಸದಿದ್ದರೆ ಐದು ನಿಮಿಷದೊಳಗೆ ಎದೆಯನ್ನು ಮರಳಿ ತೆರೆಯುವುದೇ ಗುರಿ.

ಈ ಐದು ನಿಮಿಷ ಕೈಗೂಡುವುದು ಟ್ರೇಯ ಸಿದ್ಧತೆ ಮತ್ತು ಹೊಣೆಗಳ ಹಂಚಿಕೆಯಿಂದ. ಮರುತೆರೆಯುವಿಕೆಗೆ ಪ್ರತ್ಯೇಕವಾದ ಚಿಕ್ಕ ಟ್ರೇ ಇರಬೇಕು: ಸ್ಕಾಲ್ಪೆಲ್, ತಂತಿ ಕತ್ತರಿಸುವ ಉಪಕರಣ, ಗಟ್ಟಿಯಾದ ನೀಡಲ್ ಹೋಲ್ಡರ್, ಒಂದೇ ತುಂಡಿನ ಎದೆಮೂಳೆ ರಿಟ್ರ್ಯಾಕ್ಟರ್ (ಎದೆಯನ್ನು ಅಗಲಿಸಿ ಹಿಡಿಯುವ ಸಾಧನ), ಹೀರುಕೊಳವೆ. ‘ಇದೂ ಒಂದು ಇರಲಿ’ ಎಂದು ಒಂದೊಂದಾಗಿ ಸೇರಿಸುತ್ತ ಹೋದರೆ ಟ್ರೇ ಆಪರೇಷನ್ ಥಿಯೇಟರಿನ ಸೆಟ್ಟಿನಷ್ಟೇ ದೊಡ್ಡದಾಗಿ, ತುರ್ತಿನಲ್ಲಿ ಬೇಕಾದದ್ದು ಕೈಗೆ ಸಿಗದಂತಾಗುತ್ತದೆ. ಹೀಗಾಗಿ ಟ್ರೇಯನ್ನು ಸೀಲ್ ಮಾಡಿ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಅದರ ಹೊಣೆಯನ್ನು ಒಬ್ಬ ಸಿಸ್ಟರ್‌ಗೆ ವಹಿಸುವುದು ಒಳ್ಳೆಯದು. ಕರೆ ಬಂದ ಕೂಡಲೇ ಇಬ್ಬರು ಗೌನ್ ಮತ್ತು ಗ್ಲೌಸ್ ಧರಿಸಬೇಕು. ಆ ಹೊತ್ತಿನಲ್ಲಿ ಕೈ ತೊಳೆಯುತ್ತ ನಿಲ್ಲಬೇಕಿಲ್ಲ.

ಹಾಸಿಗೆಯ ಸುತ್ತ ಆರು ಹೊಣೆಗಳಿವೆ: ಎದೆ ಒತ್ತುವವರು, ಶ್ವಾಸಮಾರ್ಗ ನೋಡುವವರು, ಡಿಫಿಬ್ರಿಲೇಟರ್ (ಶಾಕ್ ಕೊಡುವ ಯಂತ್ರ) ಮತ್ತು ಪೇಸಿಂಗ್ ನಿರ್ವಹಿಸುವವರು, ಔಷಧ ಹಾಗೂ ಇನ್‌ಫ್ಯೂಷನ್ ಪಂಪ್‌ಗಳನ್ನು ನೋಡಿಕೊಳ್ಳುವವರು, ತಂಡದ ನಾಯಕರು, ಮತ್ತು ಹೊರಗಿನಿಂದ ಜನ ಹಾಗೂ ಸಾಮಗ್ರಿ ಕರೆಸುವ ಸಂಯೋಜಕರು. ಪಾಳಿ ಬದಲಾಗುವಾಗಲೇ ಇವನ್ನು ಹೆಸರು ಹಿಡಿದು ಹಂಚಬೇಕು. ಹೊರಗಿನಿಂದ ಓಡಿಬಂದ ವೈದ್ಯರು ಅಭ್ಯಾಸಬಲದಿಂದ “ಸಿಸ್ಟರ್, ಅಡ್ರಿನಲಿನ್ ಒಂದು ಮಿಲಿಗ್ರಾಂ ಕೊಡಿ” ಎಂದರೆ, ಔಷಧದ ಹೊಣೆ ಹೊತ್ತವರು “ಸರ್, ಬೈಪಾಸ್ ಆಗಿ ಮೂರನೇ ದಿನ, ನಮ್ಮ ಮಾರ್ಗಸೂಚಿಯಂತೆ ಪೂರ್ಣ ಡೋಸ್ ಇಲ್ಲ” ಎಂದು ಅಳುಕದೆ ಹೇಳುವಂತಿರಬೇಕು. ಹಿರಿಯರೆದುರು ಹಾಗೆ ಹೇಳುವುದು ನಮ್ಮ ಆಸ್ಪತ್ರೆಗಳಲ್ಲಿ ಸುಲಭವಲ್ಲ. ಆದ್ದರಿಂದ ಈ ಮಾತನ್ನೂ ತಾಲೀಮಿನಲ್ಲಿಯೇ ಆಡಿಸಬೇಕು.

ತಾಲೀಮಿಗೆ ದುಬಾರಿ ಯಂತ್ರ ಅನಿವಾರ್ಯವಲ್ಲ. ಖಾಲಿ ಹಾಸಿಗೆ, ಮನುಷ್ಯಾಕೃತಿಯ ಬೊಂಬೆ, ಅವಧಿ ಮುಗಿದ ಗೌನ್‌ಗಳು ಮತ್ತು ಗಡಿಯಾರ ಸಾಕು. ಮೊದಲ ಶಾಕ್, ಟ್ರೇ ತೆರೆದದ್ದು, ರಿಟ್ರ್ಯಾಕ್ಟರ್ ಕೂರಿಸಿದ್ದು, ಈ ಮೂರರ ಹೊತ್ತನ್ನು ಬರೆದಿಟ್ಟು, ತಡವಾದ ಕಡೆಯನ್ನಷ್ಟೇ ಚರ್ಚಿಸಿ. ಯಾರ ತಪ್ಪೆಂದು ಹುಡುಕುತ್ತ ಕುಳಿತರೆ ಮುಂದಿನ ಸಲ ಜನ ಬರುವುದಿಲ್ಲ. ಸರ್ಜನ್ ಇಲ್ಲದ ರಾತ್ರಿಯೂ ತರಬೇತಿ ಪಡೆದ ಒಬ್ಬರಾದರೂ ಎದೆ ತೆರೆಯಲು ಶಕ್ತರಿರಬೇಕೆಂಬುದು ಮಾರ್ಗಸೂಚಿಯ ಆಶಯ. ಅವರು ಯಾರೆಂಬುದನ್ನು ಹೃದಯ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು ಲಿಖಿತವಾಗಿ ನಿರ್ಧರಿಸಿ, ಆಸ್ಪತ್ರೆಯ ಆಡಳಿತದ ಒಪ್ಪಿಗೆ ಪಡೆದಿಡಬೇಕು. ಇದು ಎದೆಮೂಳೆ ತೆರೆದು ಮಾಡಿದ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಹತ್ತು ದಿನಗಳಿಗೆ ಅನ್ವಯವಾಗುವ ಕ್ರಮ. ಆಮೇಲೆ ಎದೆ ತೆರೆಯಬೇಕೇ ಎಂಬುದನ್ನು ಹಿರಿಯ ವೈದ್ಯರು ನಿರ್ಧರಿಸಬೇಕಾಗುತ್ತದೆ ಎಂಬ ಟಿಪ್ಪಣಿಯನ್ನು ಟ್ರೇಯ ಪಕ್ಕದ ಗೋಡೆಯ ಮೇಲೆಯೇ ಅಂಟಿಸಿಡಿ.