ಒಂದು ಮೂಟೆ ಸತ್ತ ರೂಟರ್: ನನ್ನ ಅನುಭವ

ಹೋದ ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಕೇಬಲ್ ಆಫೀಸಿನ ಮೂಲೆಯಲ್ಲಿ ಒಂದು ಮೂಟೆ ರೂಟರ್ ಬಿದ್ದಿತ್ತು. ಸುಮಾರು 40 ಇರಬಹುದು. ಎಲ್ಲವೂ ಶಿರಸಿ ಸುತ್ತಲಿನ ಹಳ್ಳಿ ಮನೆಗಳಿಂದ ಬಂದವು. ದೂರು ಹೆಚ್ಚುಕಮ್ಮಿ ಒಂದೇ: ಕರೆಂಟ್ ಹೋಗಿ ಬಂದ ಮೇಲೆ ಆನ್ ಆಗುತ್ತಿಲ್ಲ. ಲೈಟ್‌ಗಳು ಒಮ್ಮೆ ಮಿಂಚುತ್ತವೆ, ಆರುತ್ತವೆ, ಮತ್ತೆ ಮೊದಲಿಂದ ಶುರು. "ಬೋರ್ಡ್ ಹೋಗಿದೆ, ಗುಜರಿಗೆ ಹಾಕು" ಅಂದರು ಜೊತೆಯವರು. ನಾನು ಒಂದಕ್ಕೆ 50 ರೂಪಾಯಿ ಕೊಟ್ಟು ಅಷ್ಟನ್ನೂ ಮನೆಗೆ ತಂದೆ. ಇವತ್ತು ಅದರಲ್ಲಿ 33 ಓಡುತ್ತಿವೆ.

ಮೊದಲ ತಿಂಗಳು ಪೂರ್ತಿ ದಂಡ. ರೀಬೂಟ್ ಲೂಪ್ (ಹೀಗೆ ಮತ್ತೆ ಮತ್ತೆ ಮೊದಲಿಂದ ಶುರುವಾಗುವುದು) ಅಂದ ಕೂಡಲೇ ಫರ್ಮ್‌ವೇರ್, ಅಂದರೆ ಒಳಗಿನ ಸಾಫ್ಟ್‌ವೇರ್, ಕೆಟ್ಟಿದೆ ಅಂತ ಅನ್ನಿಸುತ್ತದೆ, ಅಲ್ವಾ? ಕಂಪ್ಯೂಟರಿಗೆ ಜೋಡಿಸಲು ಬೋರ್ಡಿಗೆ ಸೀರಿಯಲ್ ಪಿನ್ ಬೆಸೆದು, 115200 ವೇಗದಲ್ಲಿ, ಅದು ಶುರುವಾಗುವಾಗ ಬರೆಯುವ ಲಾಗ್ ನೋಡಿದೆ. ಶುರು ಮಾಡಿಸುವ ಪ್ರೋಗ್ರಾಂ ಯು-ಬೂಟ್ ಬರುತ್ತದೆ, ಒತ್ತಿ ಚಿಕ್ಕದಾಗಿಸಿಟ್ಟ ಕರ್ನಲ್ (ಮುಖ್ಯ ಸಾಫ್ಟ್‌ವೇರ್) ಬಿಚ್ಚುವಾಗ ಎಲ್‌ಝಡ್‌ಎಂಎ ಎರರ್, ಅಲ್ಲಿಗೆ ನಿಲ್ಲುತ್ತದೆ. ನೆಟ್‌ವರ್ಕ್ ಕೇಬಲ್ ಮೂಲಕ ಫೈಲ್ ಕಳಿಸುವ ಟಿಎಫ್‌ಟಿಪಿಯಿಂದ ಹೊಸ ಫರ್ಮ್‌ವೇರ್ ಫೈಲ್ ಹಾಕಿದೆ. ಎರಡು ದಿನ ಓಡಿ ಮತ್ತೆ ಅದೇ. ಗಡಿಬಿಡಿಯಲ್ಲಿ ಸೀರಿಯಲ್ ಅಡಾಪ್ಟರ್‌ನಲ್ಲಿ ವೋಲ್ಟೇಜ್ ಆರಿಸುವ ಜಂಪರ್ ಅನ್ನು ಬೋರ್ಡಿಗೆ ಹೆಚ್ಚಾಗುವ 5 ವೋಲ್ಟ್‌ನಲ್ಲೇ ಬಿಟ್ಟು, ಚೆನ್ನಾಗಿದ್ದ ಒಂದು ಬೋರ್ಡನ್ನೂ ಸುಟ್ಟೆ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಫ್ಲ್ಯಾಶ್ (ಫರ್ಮ್‌ವೇರ್ ಇರುವ ಮೆಮೊರಿ ಚಿಪ್) ಓದಿ ಬರೆಯುವ ಪ್ರೋಗ್ರಾಮರ್, ಅದನ್ನು ಚಿಪ್ಪಿಗೆ ಕಚ್ಚಿಸುವ ಕ್ಲಿಪ್ ಎರಡಕ್ಕೂ ಸೇರಿ 700ರ ಹತ್ತಿರ ಕೊಟ್ಟು ತಂದೆ. ಒಂದು ಒಳ್ಳೆಯ ರೂಟರ್‌ನ ಫ್ಲ್ಯಾಶ್ ಪೂರ್ತಿ ಓದಿ, ಅದನ್ನೇ ಮೂರಕ್ಕೆ ಬರೆದೆ. ಮೂರೂ ಎದ್ದವು. ಖುಷಿಯಿಂದ ಮನೆಗಳಿಗೆ ಹಾಕಿ ಬಂದೆ. ಮರುದಿನದಿಂದ ಒಬ್ಬರಿಗೆ ನೆಟ್ ಬಂದರೆ ಇನ್ನೊಬ್ಬರಿಗೆ ಹೋಗುತ್ತದೆ. ಮೂರಕ್ಕೂ ಒಂದೇ ಮ್ಯಾಕ್ ವಿಳಾಸ, ಅಂದರೆ ಪ್ರತಿ ರೂಟರ್‌ಗೂ ಬೇರೆ ಬೇರೆ ಇರಬೇಕಾದ ಗುರುತಿನ ನಂಬರ್! ಘಟ್ಟದ ದಾರಿಯಲ್ಲಿ ನಾಲ್ಕು ಸಲ ಓಡಾಡಿ 600 ರೂಪಾಯಿ ಪೆಟ್ರೋಲ್ ಸುಟ್ಟೆ. ನಮ್ಮ ಬೋರ್ಡುಗಳಲ್ಲಿ ವೈಫೈ ಕ್ಯಾಲಿಬ್ರೇಷನ್ (ಆಯಾ ಬೋರ್ಡಿನ ವೈಫೈಗೆ ಹೊಂದಿಸಿದ ಅಳತೆಗಳು) ಫ್ಲ್ಯಾಶ್‌ನ ಕೊನೆಯ 64 ಕೆಬಿಯಲ್ಲಿರುತ್ತದೆ. ಅದೂ ಅಳಿಸಿಹೋಗಿ, ಸಿಗ್ನಲ್ ಒಂದು ಕೋಣೆ ದಾಟುತ್ತಿರಲಿಲ್ಲ. ಈಗ ಏನೇ ಬರೆಯುವ ಮೊದಲು ಹಳೆಯದನ್ನು ಎರಡು ಸಲ ಓದಿ, ಎರಡೂ ಒಂದೇ ಇದೆಯಾ ಅಂತ ಹೋಲಿಸುತ್ತೇನೆ. ಕ್ಲಿಪ್ ಹಾಕಿದಾಗ ಪ್ರೊಸೆಸರ್ ಮಧ್ಯೆ ಬಾಯಿ ಹಾಕದಂತೆ ಮಾಡಲು ನನ್ನದೊಂದು ಉಪಾಯ ಇದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ದಾರಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ಬೆಳಿಗ್ಗೆ ಏಳದ ರೂಟರ್ ಮಧ್ಯಾಹ್ನ ಬಿಸಿಲಿಗೆ ತಾನೇ ಎದ್ದಿತು. ಹೆಂಡತಿಯ ಹೇರ್ ಡ್ರೈಯರ್ ತಂದು ಒಳಬರುವ ವೋಲ್ಟೇಜನ್ನು ಸ್ಥಿರವಾಗಿಡುವ ಇನ್‌ಪುಟ್ ಕೆಪಾಸಿಟರ್‌ಗೆ ಬಿಸಿ ಊದಿದೆ. ಸತ್ತಿದ್ದ ಇನ್ನೊಂದೂ ಒಂದು ನಿಮಿಷದಲ್ಲಿ ಬೂಟ್ ಆಯಿತು! ಒಣಗಿದ ಕೆಪಾಸಿಟರ್ ಚಳಿಯಲ್ಲಿ ಇನ್ನೂ ಕೆಡುತ್ತದೆ. ಕರ್ನಲ್ ಬಿಚ್ಚುವಾಗ ಲೋಡ್ (ಬೋರ್ಡ್ ಎಳೆಯುವ ಕರೆಂಟ್) ಏರಿತೋ, ವೋಲ್ಟೇಜ್ ಕುಸಿಯುತ್ತದೆ. ಫರ್ಮ್‌ವೇರ್ ಪಾಪ ಏನೂ ಮಾಡಿರಲಿಲ್ಲ.

ಆಮೇಲೆ ಅಡಾಪ್ಟರ್‌ಗಳನ್ನು ಹಿಡಿದೆ. ಮೀಟರ್ ಇಟ್ಟರೆ ಎಲ್ಲವೂ 12 ವೋಲ್ಟ್ ತೋರಿಸುತ್ತವೆ. ಸುಮ್ನೆ ಅಳೆದರೆ ಏನೂ ಗೊತ್ತಾಗುವುದಿಲ್ಲ. ಕರೆಂಟ್ ಎಳೆಸಿ ಅಳೆಯಲು, ಲೋಡ್ ಆಗಿ ಮೊದಲ ಸಲ ಬೈಕಿನ ಇಂಡಿಕೇಟರ್ ಬಲ್ಬ್ ಹಾಕಿದೆ. ಅದು ಹೊತ್ತುವ ಕ್ಷಣ ಕರೆಂಟ್ ಜಾಸ್ತಿ ಎಳೆದು, ಒಳ್ಳೆಯ ಅಡಾಪ್ಟರ್ ಕೂಡ ಟ್ರಿಪ್ ಆಗುತ್ತಿತ್ತು. ಕೊನೆಗೆ 15 ಓಮ್‌ನ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್. ಅದನ್ನು ಹಾಕಿದರೆ ಕೆಟ್ಟವು 8-9 ವೋಲ್ಟ್‌ಗೆ ಇಳಿಯುತ್ತಿದ್ದವು. ಮೂಟೆಯಲ್ಲಿ 25-26ರ ಕಥೆ ಇಷ್ಟೇ: ಅಡಾಪ್ಟರ್ ಇಲ್ಲವೇ ಬೋರ್ಡಿನ ಒಂದು ಕೆಪಾಸಿಟರ್. 105 ಡಿಗ್ರಿ ಬಿಸಿ ತಡೆಯುವ, ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ) ಕೆಪಾಸಿಟರನ್ನೇ ಹಾಕುತ್ತೇನೆ. ಒಂದಕ್ಕೆ ಐದಾರು ರೂಪಾಯಿ. ಹಳೆಯ ಟಿವಿ ಬೋರ್ಡಿನಿಂದ ಕಿತ್ತವು ಎರಡೇ ತಿಂಗಳು ಬಾಳಿದವು. ನಿಜಕ್ಕೂ ಫ್ಲ್ಯಾಶ್ ಕೆಟ್ಟಿದ್ದು ಏಳೋ ಎಂಟೋ ಅಷ್ಟೇ.

ಈಗ ರಿಪೇರಿಯಾದದ್ದನ್ನು ಜಿಪ್ ಕವರಿನಲ್ಲಿ ಸುತ್ತಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಹೊರಗೆ ತೆಗೆದ ಕೂಡಲೇ ಹತ್ತು ಸಲ ಆನ್-ಆಫ್ ಮಾಡುತ್ತೇನೆ. ಒಮ್ಮೆ ತಡವರಿಸಿದರೂ ವಾಪಸ್ ಟೇಬಲ್ಲಿಗೆ. ಗುಜರಿ ಅಂದ ಅದೇ ಆಫೀಸು ಆರು ತಿಂಗಳ ಗ್ಯಾರಂಟಿಗೆ ಒಂದಕ್ಕೆ 350 ಕೊಟ್ಟು ಕೊಂಡಿತು. ಖರ್ಚು ಕಳೆದು ಏಳೂವರೆ ಸಾವಿರದಷ್ಟು ಉಳಿಯಿತು.

ಉಳಿದವುಗಳಲ್ಲಿ ಹೆಚ್ಚಿನವು ಸಿಡಿಲಿಗೆ ಸಿಕ್ಕವು. ಒಂದರಲ್ಲಿ ವಾನ್ ಪೋರ್ಟ್ (ಹೊರಗಿನ ಇಂಟರ್ನೆಟ್ ಕೇಬಲ್ ಚುಚ್ಚುವ ಜಾಗ) ಮಾತ್ರ ಸುಟ್ಟಿದೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ಫರ್ಮ್‌ವೇರ್ ಹಾಕಿ, ಮನೆಯೊಳಗಿನ ಕಂಪ್ಯೂಟರ್ ಜೋಡಿಸುವ ಲ್ಯಾನ್ ಪೋರ್ಟ್ ಒಂದನ್ನೇ ವಾನ್ ಮಾಡಲು ನೋಡುತ್ತಿದ್ದೇನೆ. ನಿನ್ನೆ ರಾತ್ರಿ ಐಪಿ (ನೆಟ್‌ವರ್ಕ್ ಕೊಡುವ ವಿಳಾಸ) ಸಿಕ್ಕಿತು. ಹತ್ತು ನಿಮಿಷಕ್ಕೆ ಬಿಟ್ಟುಹೋಯಿತು.