ಚಿತ್ರಮೂಲದ ಬೇರು, ಹಳದಿ ಬಣ್ಣದ ಜಾಡು

ಔಷಧೀಯ ಸಸ್ಯವಾದ ಬಿಳಿ ಚಿತ್ರಮೂಲದ ಬೇರಿನಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಸಂಯುಕ್ತ ಯಾವುದೆಂದು ಕೇಳಿದರೆ, ವಿಷಯ ಓದಿಕೊಂಡವರು ಪ್ಲಂಬಾಜಿನ್ ಎಂದು ಥಟ್ಟನೆ ಹೇಳುತ್ತಾರೆ. ನನ್ನ ಮೇಜಿನ ಮೇಲಿದ್ದ ಬೇರಿನಲ್ಲಿ ಇರುವುದೂ ಅದೇ ಎಂದು ನಾನು ತೋರಿಸಬೇಕಿತ್ತು. ಮೊದಲ ಪ್ರಯತ್ನದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ ಸಿಕ್ಕಿತು.

ಕಾರಣ ಬಿಸಿ. ಬೇರನ್ನು 60 ಡಿಗ್ರಿ ಓವನ್‌ನಲ್ಲಿ ಎರಡು ದಿನ ಒಣಗಿಸಿ, ಬಿಸಿ ದ್ರಾವಕದಿಂದ ಸಾರ ತೆಗೆಯುವ ಸಾಕ್ಸ್‌ಲೆಟ್ ಉಪಕರಣದಲ್ಲಿ ಮೆಥನಾಲ್ ಹಾಕಿ ದಿನವಿಡೀ ಕುದಿಸಿದ್ದೆ. ಸಾರವನ್ನು ಗಟ್ಟಿಗೊಳಿಸುವಾಗ, ದ್ರಾವಕವನ್ನು ಆವಿಯಾಗಿಸಿ ಬೇರೆ ಕಡೆ ಹಿಡಿಯುವ ರೋಟರಿ ಇವ್ಯಾಪೊರೇಟರ್‌ನ ಇನ್ನೊಂದು ಫ್ಲಾಸ್ಕ್‌ಗೆ ತೊಟ್ಟಿಕ್ಕುತ್ತಿದ್ದ ಮೆಥನಾಲ್ ತಿಳಿಹಳದಿಯಾಗಿತ್ತು. ಬಟ್ಟಿ ಇಳಿದ ದ್ರಾವಕಕ್ಕೆ ಬಣ್ಣವಿರಬಾರದು. ಅದನ್ನು ಕಂಡೂ ತ್ಯಾಜ್ಯದ ಕ್ಯಾನ್‌ಗೆ ಸುರಿದೆ. ಪ್ಲಂಬಾಜಿನ್ ಆವಿಯೊಂದಿಗೆ ಹಾರಿಹೋಗುವ ವಸ್ತು ಎಂಬುದು ಆಮೇಲೆ ನೆನಪಾಯಿತು. ನಾನು ಹುಡುಕುತ್ತಿದ್ದದ್ದು ಆ ಕ್ಯಾನ್‌ನಲ್ಲಿತ್ತು.

ಎರಡನೆಯ ಸಲ ನೆರಳಿನಲ್ಲಿ ಒಣಗಿಸಿದೆ. ಪುಡಿ ಮಾಡುವಾಗ ಕೈಗವಸು ಬಿಡಲಿಲ್ಲ, ಈ ಬೇರು ಚರ್ಮದ ಮೇಲೆ ಬೊಕ್ಕೆ ಎಬ್ಬಿಸುತ್ತದೆ. ಪುಡಿಯನ್ನು ಎಥಿಲ್ ಅಸಿಟೇಟ್‌ನಲ್ಲಿ ತಣ್ಣಗೆ ನೆನೆಸಿ ಸೋಸಿ, ಕಡಿಮೆ ಒತ್ತಡದಲ್ಲಿ 40 ಡಿಗ್ರಿ ಮೀರದಂತೆ ಆವಿಗೊಳಿಸಿ, ಪೂರ್ತಿ ಒಣಗುವ ಮೊದಲೇ ನಿಲ್ಲಿಸಿದೆ.

ಸಾರದ ಚುಕ್ಕೆಯಿಟ್ಟ ಸಿಲಿಕಾ ತೆಳುಪದರದ ತಟ್ಟೆಯಲ್ಲಿ ಹೆಕ್ಸೇನ್ ಮತ್ತು ಎಥಿಲ್ ಅಸಿಟೇಟ್‌ನ 9:1 ಮಿಶ್ರಣ ಏರುತ್ತಿದ್ದಂತೆ, ಯಾವ ದೀಪದ ನೆರವೂ ಇಲ್ಲದೆ ಒಂದು ಹಳದಿ ಕಲೆ ಬೇರ್ಪಟ್ಟಿತು. ಮೆಥನಾಲ್‌ನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸಿಂಪಡಿಸಿದಾಗ ಅದು ಕೆನ್ನೇರಳೆಗೆ ತಿರುಗಿತು. ಆಯುರ್ವೇದದಲ್ಲಿ ಈ ಬೇರನ್ನು ಶೋಧಿಸಲು, ಅಂದರೆ ಅದರ ವಿಷಾಂಶ ತಗ್ಗಿಸಲು, ಸುಣ್ಣದ ತಿಳಿನೀರಿನಲ್ಲಿ ನೆನೆಸುತ್ತಾರೆ, ಆಗ ನೀರು ಕೆಂಪಾಗುತ್ತದೆ. ಎರಡೂ ಕಡೆ ಕ್ಷಾರದ ಕೆಲಸ ಒಂದೇ ಎಂದು ಹೊಳೆದ ಆ ಕ್ಷಣ ನನಗೆ ಇಡೀ ಕೆಲಸದಲ್ಲೇ ಅತ್ಯಂತ ಪ್ರಿಯವಾದದ್ದು.

ಬಣ್ಣ ಬಂದ ಮಾತ್ರಕ್ಕೆ ಕಲೆ ಜೈವಿಕವಾಗಿ ಕ್ರಿಯಾಶೀಲ ಎಂದಾಗುವುದಿಲ್ಲ. ಹಾಗೆಯೇ ಬೇರ್ಪಡಿಸಿದ ಇನ್ನೊಂದು ತಟ್ಟೆಯ ಮೇಲೆ ಸ್ಟ್ಯಾಫಿಲೋಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಬೆರೆಸಿದ ಅಗರ್ ಹರಡಿ, ರಾತ್ರಿಯಿಡೀ ಬೆಳೆಯಲು ಬಿಟ್ಟು ಎಂಟಿಟಿ ಎಂಬ, ಜೀವಂತ ಕೋಶಗಳಲ್ಲಿ ನೇರಳೆಯಾಗುವ ಬಣ್ಣ ಹಾಕಿದೆ. ಬ್ಯಾಕ್ಟೀರಿಯಾ ಬದುಕಿದ್ದಲ್ಲೆಲ್ಲ ನೇರಳೆ. ಹಳದಿ ಕಲೆಯಿದ್ದ ಎತ್ತರದಲ್ಲಿ ಮಾತ್ರ ಬಣ್ಣವಿಲ್ಲದ ವೃತ್ತ. ಹೀಗಾಗಿ ಶುದ್ಧೀಕರಿಸಬೇಕಾದದ್ದು ಯಾವುದೆಂಬ ಅನುಮಾನ ಉಳಿಯಲಿಲ್ಲ. ಸಿಲಿಕಾ ಕಾಲಂನಲ್ಲಿ ಅದನ್ನು ಬೇರ್ಪಡಿಸಿದಾಗ ಕಿತ್ತಳೆ-ಹಳದಿ ಸೂಜಿಹರಳುಗಳು ದೊರೆತವು.

ಮುಂದೆ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣದಲ್ಲಿ ಸಿ18 ಕಾಲಂ, ಮೆಥನಾಲ್ ಮತ್ತು ನೀರು, 265 ನ್ಯಾನೊಮೀಟರ್ ಬೆಳಕು. ಮಾದರಿಯ ಪೀಕ್, ಅಂದರೆ ಗ್ರಾಫ್‌ನಲ್ಲಿ ಏಳುವ ಶಿಖರ, ಪ್ರಮಾಣಿತ ಪ್ಲಂಬಾಜಿನ್‌ನ ಸಮಯಕ್ಕೇ ಬಂತು. ಸಮಯ ಹೊಂದಿದರೆ ಸಾಕು ಎಂದು ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ, ಇದನ್ನು ನಾನು ಒಪ್ಪುವುದಿಲ್ಲ. ಎರಡನ್ನೂ ಬೆರೆಸಿ ಒಟ್ಟಿಗೆ ಹಾಕಿ ನೋಡಿದೆ. ಪೀಕ್ ಎತ್ತರವಾಯಿತು, ಪಕ್ಕದಲ್ಲಿ ಭುಜ ಏಳಲಿಲ್ಲ, ಅಂದರೆ ಎರಡೂ ಒಂದೇ ವಸ್ತುವಿನಂತೆ ವರ್ತಿಸಿದವು. ಅಣುವಿನ ತೂಕ ತೋರಿಸುವ ದ್ರವ್ಯರಾಶಿ ರೋಹಿತದಲ್ಲಿ 189 ಕಂಡಿತು, ಅಂದರೆ 188ರ ಅಣುವಿಗೆ ಒಂದು ಪ್ರೋಟಾನ್ ಸೇರಿದೆ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. 7-ಮೀಥೈಲ್‌ಜುಗ್ಲೋನ್ ಎಂಬ ಸಸ್ಯಜನ್ಯ ಸಂಯುಕ್ತದ ತೂಕವೂ 188, ಸೂತ್ರವೂ ಅದೇ. ಮೀಥೈಲ್ ಗುಂಪು ಕೂತ ಜಾಗವಷ್ಟೇ ಬೇರೆ. ತೂಕ ನೋಡಿ ಇವೆರಡನ್ನು ಬೇರೆಮಾಡಲಾಗದು. ಹರಳನ್ನು ಎನ್‌ಎಂಆರ್‌ಗೆ, ಅಂದರೆ ಅಣುವಿನಲ್ಲಿ ಯಾವ ಗುಂಪು ಎಲ್ಲಿದೆ ಎಂದು ತೋರಿಸುವ ಪರೀಕ್ಷೆಗೆ, ಕಳುಹಿಸಿದೆ. ಮೀಥೈಲ್‌ನ ಗೆರೆ ಆ ಪರೀಕ್ಷೆಯ ಪಿಪಿಎಂ ಅಳತೆಯಲ್ಲಿ 2.2ರ ಬಳಿ, ನೆರೆಯ ಹೈಡ್ರೋಜನ್ನಿನಿಂದಾಗಿ ಸೂಕ್ಷ್ಮವಾಗಿ ಎರಡಾಗಿ ಸೀಳಿತ್ತು. 7-ಮೀಥೈಲ್‌ಜುಗ್ಲೋನ್ ಆಗಿದ್ದರೆ ಅದು 2.4ರ ಬಳಿ ಸೀಳಿಲ್ಲದೆ ನಿಲ್ಲುತ್ತಿತ್ತು. ಪ್ಲಂಬಾಜಿನ್ ಎಂಬ ಹೆಸರನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದು ಆ ದಿನವೇ.

ಕೊನೆಗೆ, ಸುಣ್ಣದ ನೀರಿನಲ್ಲಿ ಶೋಧಿಸಿದ ಬೇರಿನ ಸಾರವನ್ನೂ ಅದೇ ಎಚ್‌ಪಿಎಲ್‌ಸಿ ಕಾಲಂಗೆ ಹಾಕಿದೆ. ಪ್ಲಂಬಾಜಿನ್‌ನ ಪೀಕ್ ಸಾಕಷ್ಟು ತಗ್ಗಿತ್ತು, ಆದರೆ ಮಾಯವಾಗಿರಲಿಲ್ಲ.